ಐದು ರಾಜರ ಗೋದಲಿ

ಮನ್ಮಥಪ್ಪನವರಿಗೆ ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ ಮನುಷ್ಯ ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ತಾಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ. ಎದುರಿನವನು ಮೊದಲ ಶಬ್ದವನ್ನು ಹಲ್ಲಿನ ಹೊಸ್ತಿಲು ದಾಟಿಸುವಷ್ಟರಲ್ಲಿ ಅವರ ಬಲಗೈ ರೈಲ್ವೆ ಗೇಟಿನ ಕಂಬದ ಹಾಗೆ ಅಡ್ಡ ಬರುತ್ತದೆ, ಕತ್ತು ಬಲಕ್ಕೆ ಒಂದಿಷ್ಟು ವಾಲುತ್ತದೆ, ಕಣ್ಣುಗಳು ಪರಮಶಾಂತಿಯಿಂದ ಮುಚ್ಚಿಕೊಳ್ಳುತ್ತವೆ, ಬಾಯಿಂದ ಮೂರಕ್ಷರದ ಮಹಾಮಂತ್ರ ಹೊರಡುತ್ತದೆ: ‘ತಿಳೀತು’. ಎದುರಿನವನು ಮರಾಠಿಯವನಾದರೆ ‘ಸಮಜಲಂ’, ಹೈದರಾಬಾದಿನ ಕಡೆಯ ವ್ಯಾಪಾರಿಯಾದರೆ ‘ಸಮಝ್ ಗಯಾ’. ಮೂರು ಭಾಷೆಗಳಲ್ಲಿ ಕೇಳಿಸಿಕೊಳ್ಳದೆಯೇ ತಿಳಿದುಕೊಳ್ಳಬಲ್ಲ ಇಂಥ ಪುರುಷ ನಮ್ಮ ಗಡಿಸೀಮೆಯಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಅವನು ಮನ್ಮಥಪ್ಪನವರ ನೆರಳೇ ಇರಬೇಕು.

ನಡಿಗೆಯೂ ಅವರ ತಿಳುವಳಿಕೆಯ ಕುಲದ್ದೇ. ಅದು ಮುಂಗಡ ನಡಿಗೆ. ಮೈ ಸೊಂಟದಿಂದ ಮೇಲೆ ಮುಂದಕ್ಕೆ ಬಾಗಿರುತ್ತದೆ, ಕಾಲುಗಳು ಹಿಂದಿನಿಂದ ನಿಧಾನಕ್ಕೆ ಬರುತ್ತವೆ. ಅವರ ತಲೆ ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಹೇಳುವ ಹೊತ್ತಿಗೆ ಪಾದಗಳು ಊರ ಅಗಸಿಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವುದನ್ನು ಕಂಡವರಿದ್ದಾರೆ. ಮೈಮೇಲೆ ಒಂದು ಕರಿಯ ಕೋಟು. ಅವರ ತಂದೆ ನಿಜಾಮರ ಕಾಲಕ್ಕೆ ಉದಗೀರದಲ್ಲಿ ಹೊಲಿಸಿದ್ದಂತೆ; ನಿಜಾಮರು ಹೋದರು, ತಂದೆ ಹೋದರು, ಹೊಲಿದ ದರ್ಜಿ ಹೋದ, ಕೋಟು ಮಾತ್ರ ಧೋತರದ ಮೇಲೆ ಕೂತು ರಾಜ್ಯವಾಳುತ್ತಿದೆ. ಅದರ ಕಿಸೆಗಳಲ್ಲಿ ಸುತಲಿ ಹುರಿ, ದಬ್ಬಣ, ವಿಭೂತಿಗಟ್ಟಿ, ಬೆಲ್ಲದ ಚೂರು, ಯಾವುದಕ್ಕೋ ಬೇಕಾಗಬಹುದಾದ ಒಂದು ಮೊಳೆ ಇವೆಲ್ಲ ಒಂದೇ ಕುಟುಂಬದವರಂತೆ ಬಾಳುತ್ತವೆ. ಊರಿನಲ್ಲಿ ಹಂದರ ಹಾಕುವುದಿರಲಿ, ಹೊಲದಲ್ಲಿ ಮಂಚಿಗೆ ಕಟ್ಟುವುದಿರಲಿ, ಹುರಿ ಹಿಡಿದ ಕೈಗಳು ಅವರವೇ. ಅವರ ಕೈಗೆ ತಿಳಿದದ್ದು ನಿಜ. ಗೊಂದಲವೆಲ್ಲ ಕಿವಿಯದು.

ಆ ಗೊಂದಲದ ಕಥೆಗಳು ಹೇಳಿದಷ್ಟೂ ಇವೆ. ಒಮ್ಮೆ ಔರಾದ ಶಹಾಜನಿಯ ಸಂತೆ ಮುಗಿಸಿ ನಿಲಂಗಾಕ್ಕೆ ಹೋಗುವ ಬಸ್ಸಿಗೆ ನಿಂತಿದ್ದರು. ‘ಮುತ್ಯಾ, ಈ ಗಾಡಿ...’ ಎಂದು ಕಂಡಕ್ಟರ್ ಶುರುಮಾಡಿದ. ‘ತಿಳೀತು’ ಎಂದು ಹತ್ತಿ ಕೂತರು. ಬಸ್ಸು ಉದಗೀರದಲ್ಲಿ ಇಳಿಸಿತು. ಮನ್ಮಥಪ್ಪನವರು ಎಳ್ಳಷ್ಟೂ ಅಳುಕದೆ ಕೋಟಿನ ಗುಂಡಿ ಹಾಕಿಕೊಂಡು ಕೋಟೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಊರಿಗೆ ಮರಳಿ, ಕೋಟೆ ಇನ್ನೂ ಗಟ್ಟಿಯಾಗಿದೆ, ಚಿಂತೆಯಿಲ್ಲ ಎಂದು ವರದಿ ಒಪ್ಪಿಸಿದರು. ಇನ್ನೊಮ್ಮೆ ನೆಗಡಿಗೆಂದು ಡಾಕ್ಟರು ಎರಡು ಬಗೆಯ ಗುಳಿಗೆ ಕೊಟ್ಟು, ಒಂದು ನುಂಗಲಿಕ್ಕೆ, ಇನ್ನೊಂದನ್ನು ಕುದಿಯುವ ನೀರಿಗೆ ಹಾಕಿ ಹಬೆ ತೆಗೆದುಕೊಳ್ಳಲಿಕ್ಕೆ ಎಂದು ಹೇಳಬೇಕೆಂದಿದ್ದರು. ‘ಒಂದು’ ಅನ್ನುವಷ್ಟರಲ್ಲಿ ಗೇಟು ಬಿತ್ತು. ಹಬೆಯ ಗುಳಿಗೆಯನ್ನೂ ನುಂಗಿದ ಮೇಲೆ ವಾರವಿಡೀ ಅವರ ಮಾತಿನಿಂದ ನೀಲಗಿರಿ ಎಣ್ಣೆಯ ವಾಸನೆ ಹೊಮ್ಮುತ್ತಿತ್ತು, ಓಣಿಯ ನೆಗಡಿಯವರೆಲ್ಲ ಬಂದು ಅವರೆದುರು ಕೂತು ಹರಟೆ ಹೊಡೆದು ಗುಣವಾಗಿ ಹೋದರು. ಹೆದ್ದಾರಿಯಲ್ಲಿ ತೆಲುಗಿನ ಲಾರಿಯವನೊಬ್ಬ ದಾರಿ ಕೇಳಿದಾಗಲೂ ‘ತಿಳೀತು’ ಎಂದೇ ಕೈ ತೋರಿಸಿದ್ದರು. ಆ ಲಾರಿ ಇನ್ನೂ ತಿರುಗುತ್ತಿದೆ.

ಊರು ಇದಕ್ಕೊಂದು ಏರ್ಪಾಡು ಮಾಡಿಕೊಂಡಿತ್ತು. ಅವರ ಹೆಂಡತಿ ಸರುಬಾಯಿ ಸದಾ ಎರಡು ಹೆಜ್ಜೆ ಹಿಂದೆ ನಿಂತಿರುತ್ತಿದ್ದರು. ಮಾತಿನ ಮೊದಲ ಶಬ್ದವನ್ನು ಮನ್ಮಥಪ್ಪನವರು ಕೇಳುತ್ತಿದ್ದರು, ಉಳಿದದ್ದನ್ನು ಸರುಬಾಯಿ. ಇದನ್ನೇ ದಾಂಪತ್ಯ ಎನ್ನುತ್ತಾರೆಂದು ನಾನು ಬಹುಕಾಲ ನಂಬಿದ್ದೆ. ಹೀಗಾಗಿ ಅವರ ‘ತಿಳೀತು’ ಎಂಬುದು ಊರಿನ ಪಾಲಿಗೆ ಬರಬರುತ್ತ ಒಂದು ಕೆಮ್ಮಿನಂತೆ, ಆಕಳಿಕೆಯಂತೆ ಅರ್ಥವಿಲ್ಲದ ಶಬ್ದವಾಗಿ ಹೋಯಿತು. ಈ ಭೂಮಂಡಲದಲ್ಲಿ ಅವರು ತಿಳೀತು ಅಂದರೆ ನಿಜಕ್ಕೂ ತಿಳಿದಿದೆ ಎಂದು ನಂಬುವ ಜೀವ ಒಂದೇ ಒಂದು ಉಳಿದಿತ್ತು: ಮೊಮ್ಮಗಳು ಸ್ವಪ್ನಾಲಿ. ಮನ್ಮಥಪ್ಪನವರಿಗೂ ಅದು ಗೊತ್ತಿತ್ತು. ಸಂಜೆ ಶಾಲೆಯ ಆಟೋ ಅಗಸಿಗೆ ಬರುವ ಹೊತ್ತಿಗೆ ಅವರು ಕೋಟು ಕೊಡವಿ ಹಾಕಿಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದುದು ಆ ನಂಬಿಕೆಗೆ ಕೊಡುವ ಗೌರವಕ್ಕಾಗಿಯೇ. ಆಕೆ ಕೇಳಿದ್ದಕ್ಕೆಲ್ಲ ಉತ್ತರವಿತ್ತು. ಚಂದ್ರ ಯಾಕೆ ಸಣ್ಣಾಗುತ್ತಾನೆ? ಸವೆಯುತ್ತಾನೆ. ರೈಲು ಯಾಕೆ ಕೂಗುತ್ತದೆ? ಹಸಿವಿಗೆ. ಆಕೆ ಅದನ್ನು ಮರುದಿನ ತರಗತಿಯಲ್ಲಿ ಹೇಳುತ್ತಿದ್ದಳೋ ಏನೋ, ಅವರು ಕೇಳಲಿಲ್ಲ.

ಡಿಸೆಂಬರ್ ಬಂತು. ಸ್ವಪ್ನಾಲಿ ಓದುವುದು ಉಮರ್ಗಾದಲ್ಲಿ ಹೆದ್ದಾರಿಯ ಪಕ್ಕದ ಒಂದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಪಾಠ ಇಂಗ್ಲಿಷು, ಜಗಳ ಮರಾಠಿ, ಅಳು ಕನ್ನಡ. ಕ್ರಿಸ್ಮಸ್ ಆಚರಿಸುವ ಮನೆಯ ಒಂದು ಮಗುವೂ ಇಲ್ಲದ ಆ ಶಾಲೆ ಪ್ರತಿವರ್ಷ ಕ್ರಿಸ್ಮಸ್ಸನ್ನು ಮಹಾ ಸಂಭ್ರಮದಿಂದ ಆಚರಿಸುತ್ತದೆ. ಯಾಕೆಂದು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಈ ಸಲ ಪ್ಲಾಸ್ಟಿಕ್ಕಿನ ಜಗಮಗ ಸಾಮಾನು ತರುವುದು ಬೇಡ, ಮನೆಯ ಹಿರಿಯರೊಬ್ಬರು ಬಂದು ಮಕ್ಕಳ ಜತೆ ಕೂತು ಎಲ್ಲವನ್ನೂ ಕೈಯಲ್ಲೇ ಮಾಡಿಸಬೇಕು ಎಂದು ಠರಾವಾಯಿತು. ಯಾರ ಮನೆಯಲ್ಲಿ ಕೈಗೆಲಸ ಬಲ್ಲವರಿದ್ದಾರೆ ಎಂದು ನಾಲ್ಕನೇ ತರಗತಿಯ ವಿದ್ಯಾವತಿ ಮ್ಯಾಡಮ್ ಕೇಳಿದಾಗ ಸ್ವಪ್ನಾಲಿ ಎರಡೂ ಕೈ ಎತ್ತಿದಳಂತೆ.

‘ಮ್ಯಾಡಮ್, ನಮ್ಮ ಮುತ್ಯಾಗ ಸಗಳಾ ಬರತದ, ಎಲ್ಲಾ ಬರತದ!’

‘ಕ್ರಿಸ್ಮಸ್ ಸುದ್ಧಾ?’ ಪಕ್ಕದಲ್ಲಿ ಕೂತ ಮನಿಷಾ ಕಣ್ಣು ಕಿರಿದು ಮಾಡಿದಳು. ಈ ಮನಿಷಾ ಎಂಬುವಳು ಆ ತರಗತಿಯ ಹೈಕೋರ್ಟು.

‘ಕ್ರಿಸ್ಮಸ್ ಸುದ್ಧಾ!’

ಹೀಗೆ ಮನ್ಮಥಪ್ಪನವರ ಕೋಟು ಒಂದು ಬೆಳಿಗ್ಗೆ ಆ ಶಾಲೆಯ ಬೇವಿನ ಮರದಡಿ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಕಾಲುಗಳೂ ಬಂದವು. ಸರುಬಾಯಿ ಬಂದಿರಲಿಲ್ಲ, ಎಲ್ಲ ಅನಾಹುತಕ್ಕೂ ಅದೇ ಮೂಲ. ವಿದ್ಯಾವತಿ ಮ್ಯಾಡಮ್ ನಿಲಂಗಾದವರು, ಸಾಧು ಹೆಣ್ಣುಮಗಳು. ಅವರಿಗೂ ಈ ಹಬ್ಬದ ಪರಿಚಯವಿದ್ದದ್ದು ಫೋನಿನೊಳಗಿನ ಚಿತ್ರಗಳ ಮೂಲಕವೇ.

‘ಕಾಕಾ, ಒಂದ್ ಗುಡಸಲಾ ಆಗಬೇಕ್ರಿ. ಅದರಾಗ...’

‘ತಿಳೀತು.’

‘ಹಂಗಲ್ರಿ ಕಾಕಾ, ಒಳಗ ಯಾರ್ಯಾರು...’

‘ತಿಳೀತು ತಾಯಿ. ಅದೇನ್ ಇವತ್ತಿಂದಲ್ರಿ. ವರ್ಷಾ ಕಟ್ಟತೀನಿ. ನೀವು ಹೋಗ್ರಿ, ಪಾಠಾ ನೋಡ್ರಿ.’

ಮ್ಯಾಡಮ್ ಕೊನೆಯ ಪ್ರಯತ್ನವಾಗಿ ಫೋನು ಹಿಡಿದು ಗೋದಲಿಯ, ಅಂದರೆ ಕ್ರಿಸ್ಮಸ್ಸಿನ ಕೂಸು ಹುಟ್ಟಿದ ಕೊಟ್ಟಿಗೆಯ, ಚಿತ್ರ ತೋರಿಸಿದರು. ಬಿಸಿಲಿಗೆ ಆ ಪರದೆಯಲ್ಲಿ ಮನ್ಮಥಪ್ಪನವರಿಗೆ ತಮ್ಮ ಮುಖವೇ ಕಂಡಿರಬೇಕು. ಗುರುತಿನವನು ಸಿಕ್ಕಂತೆ ಆತ್ಮೀಯವಾಗಿ ತಲೆಯಾಡಿಸಿದರು.

ಅವರು ‘ವರ್ಷಾ ಕಟ್ಟತೀನಿ’ ಅಂದದ್ದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಆ ದಿನಗಳೆಂದರೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಹೊಲದ ನಡುವೆ ಕಣಿಕೆ, ಅಂದರೆ ಜೋಳದ ದಂಟಿನ, ಪುಟ್ಟ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಮೇಲೆ ಶಾಲು ಹೊದಿಸಿ, ಅಂಬಲಿ, ಕಾಳು ಸೊಪ್ಪಿನ ಭಜ್ಜಿ, ರೊಟ್ಟಿಯ ಎಡೆ ಮಾಡಿ, ಹೊಲದ ಸುತ್ತ ಆ ಎಡೆಯನ್ನೇ ಚರಗವೆಂದು ಚೆಲ್ಲುತ್ತ ‘ಓಲಗೇ ಓಲಗೇ’ ಎಂದು ಕೂಗುವ ಹಬ್ಬ. ಆ ಕೂಗಿನ ಅರ್ಥ ಕೇಳಿದರೆ ಕನ್ನಡದವರು ಅದು ಮರಾಠಿ ಎನ್ನುತ್ತಾರೆ, ಮರಾಠಿಯವರು ಅದು ಕನ್ನಡ ಎನ್ನುತ್ತಾರೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಕಳ್ಳರು ಮನಸ್ಸು ಮಾಡಿದರೆ ಇಡೀ ಉಮರ್ಗಾವನ್ನು ಚಾಪೆಯಂತೆ ಸುತ್ತಿಕೊಂಡು ಹೋಗಬಹುದು, ಆದರೆ ಅವರೂ ಯಾರದೋ ಹೊಲದಲ್ಲಿ ಭಜ್ಜಿ ತಿನ್ನುತ್ತಿರುತ್ತಾರೆ. ಡಿಸೆಂಬರ್ ತಿಂಗಳು, ಗುಡಿಸಲು ಬೇಕು ಅಂದರೆ ಮನ್ಮಥಪ್ಪನವರಿಗೆ ಇನ್ನೇನು ಹೇಳಬೇಕು?

ಕೆಲಸ ಶುರುವಾಯಿತು. ಅದನ್ನು ನೋಡಬೇಕಿತ್ತು. ಮಕ್ಕಳು ಅವರ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕೂತರು, ಆ ಬೆಲ್ಲವೂ ಕಿಸೆಯಿಂದ ಒಂದೊಂದೇ ಚೂರು ಹೊರಬರುತ್ತಿತ್ತು. ದಂಟಿನ ಸಿಪ್ಪೆ ಸೀಳುವುದು, ಒಳಗಿನ ಬಿಳಿಯ ಬೆಂಡನ್ನು ಮುರಿಯದೆ ತೆಗೆಯುವುದು, ಸಿಪ್ಪೆಯ ಕಡ್ಡಿಯನ್ನು ಬೆಂಡಿಗೆ ಚುಚ್ಚಿ ಬೇಕಾದ ಆಕಾರ ತರುವುದು ಇವೆಲ್ಲ ಅವರ ಬೆರಳುಗಳಿಗೆ ಉಸಿರಾಡಿದಷ್ಟು ಸಲೀಸು.

‘ಹರೀಬ್ಯಾಡಲೇ, ಸೀಳು. ಈ ಸಿಪ್ಪಿ ಹೆಡ್‌ಮಾಸ್ತರನಂಗ ಅದ, ಉಲ್ಟಾ ಹಿಡದ್ರ ರಗತಾ ಬರತದ.’

‘ಮುತ್ಯಾ, ಸ್ಟಾರ್ ಮಾಡ್ರಿ!’

‘ತಿಳೀತು.’

ಅವರು ಮಾಡಿದ್ದು ಗಾಡಿಯ ಗಾಲಿ. ಆದರೆ ಅದಕ್ಕೆ ಸುತ್ತಲಿನ ಬಳೆ ಹಾಕುವ ಮೊದಲೇ ಮಕ್ಕಳು ಕಸಿದುಕೊಂಡದ್ದರಿಂದ ಅರಗಳು ಮಾತ್ರ ಉಳಿದು ಅದು ನಕ್ಷತ್ರವೇ ಆಗಿಬಿಟ್ಟಿತು. ಕುರಿ ಬೇಕೆಂದಾಗ ನೆರೆಯ ಕುರಿಗಾರ ಬಕ್ಕಪ್ಪ ತನ್ನ ದೇವರು ಬೀರಪ್ಪನ ಹೆಸರು ಹೇಳಿ ಕೊಟ್ಟಿದ್ದ ಕರಿಯ ಉಣ್ಣೆಯನ್ನು ಬೆಂಡಿಗೆ ಅಂಟಿಸಿದರು. ಮಧ್ಯಾಹ್ನದ ಹೊತ್ತಿಗೆ ಬೇವಿನ ಕೆಳಗೆ ಗುಡಿಸಲೆದ್ದಿತ್ತು, ಸ್ವಪ್ನಾಲಿ ಅದರ ಬಾಗಿಲಲ್ಲಿ ಯಜಮಾನಿಯ ಹಾಗೆ ನಿಂತಿದ್ದಳು. ಮಕ್ಕಳು ಮೈಯೆಲ್ಲ ಸುಣ್ಣ ಮಾಡಿಕೊಂಡು ಐದು ಕಲ್ಲುಗಳನ್ನು ಬಳಿದು ಒಳಗೆ ಸಾಲಾಗಿ ಕೂರಿಸಿದ್ದರು. ಕ್ರಿಸ್ಮಸ್ಸಿಗೂ ಎಳ್ಳಮಾಸಿಯದೇ ಸಾಮಾನು ಬೇಕಾಗುತ್ತದೆ ಎಂದು ಮಕ್ಕಳಿಗೆ ಆಶ್ಚರ್ಯವಾಗಿರಬಹುದು; ದೊಡ್ಡವರ ಹಬ್ಬಗಳೆಲ್ಲ ಹೀಗೇ ಎಂದುಕೊಂಡವು.

ಆಗ ವಿದ್ಯಾವತಿ ಮ್ಯಾಡಮ್ ಬಂದರು. ಗುಡಿಸಲು ನೋಡಿ ಮುಖ ಅರಳಿತು. ಬಗ್ಗಿ ಒಳಗೆ ನೋಡಿದರು. ಮುಖ ಅಲ್ಲೇ ನಿಂತಿತು.

‘ಕಾಕಾ, ಇವು ಏನ್ರಿ?’

‘ಪಾಂಡವರು.’

ಮ್ಯಾಡಮ್ ಕಣ್ಣುಜ್ಜಿಕೊಂಡು ಕಲ್ಲುಗಳನ್ನು ಮತ್ತೊಮ್ಮೆ ಎಣಿಸಿದರು.

‘ಮತ್ತ... ಕೂಸು ಎಲ್ಲದ್ರಿ?’

‘ಯಾರ ಕೂಸು?’

ಮಾತು ಬಾಯಿಂದ ಬಿದ್ದ ಮೇಲೆ ಮನ್ಮಥಪ್ಪನವರಿಗೆ ಗಾಬರಿಯಾಯಿತು. ಎಪ್ಪತ್ತು ದಾಟಿದ ಆ ಬಾಯಿಂದ ಹೊರಟ ಮೊದಲ ಪ್ರಶ್ನೆ ಅದು. ಹಲ್ಲಿನ ಕಟ್ಟು ಜಾರಿ ಬಿದ್ದವರಂತೆ ತಟ್ಟನೆ ಬಾಯಿ ಮುಚ್ಚಿಕೊಂಡರು. ಮ್ಯಾಡಮ್ ಪಾಪ ಸಿಟ್ಟಾಗಲಿಲ್ಲ. ನಾಳೆಯೇ ಪಾಲಕರು ಬರುತ್ತಾರೆ, ಉದಗೀರದಿಂದ ಅತಿಥಿ ಬರುತ್ತಾರೆ, ಸ್ವಪ್ನಾಲಿಯೇ ಎದ್ದು ನಿಂತು ಇದನ್ನೆಲ್ಲ ವಿವರಿಸಿ ಹೇಳಬೇಕೆಂದು ಆಗಿದೆ ಎಂದು ನೆಲ ನೋಡುತ್ತ ಹೇಳಿದರು. ಮನಿಷಾ ಮುಂದೆ ಬಂದಳು.

‘ಸಗಳಾ ಬರತದ ಅಂದಿದ್ದಿ?’

ಸ್ವಪ್ನಾಲಿಯ ಕೆಳತುಟಿ ಒಂದಿಷ್ಟು ಮುಂದೆ ಬಂತು. ಆಕೆ ಮನಿಷಾಳನ್ನು ನೋಡಲಿಲ್ಲ, ಮ್ಯಾಡಮ್‌ರನ್ನೂ ನೋಡಲಿಲ್ಲ. ‘ಮುತ್ಯಾ, ನಿಂಗ ಗೊತ್ತದಲ್ಲಾ? ಪಾಂಡವರು ಯಾಕ ಬಂದಾರಂತ ಹೇಳು. ನಾ ನಾಳಿಗಿ ಹಂಗೇ ಹೇಳ್ತೀನಿ.’

ಹೇಳಬಹುದಿತ್ತು. ಅವರ ಕೋಟಿನ ಕಿಸೆಯಲ್ಲಿ ಇಂಥ ಸಂಕಟಕ್ಕಾಗುವ ಉತ್ತರಗಳು ಹುರಿಯುಂಡೆಯಷ್ಟೇ ಉದ್ದಕ್ಕೆ ಇದ್ದವು. ಪಾಂಡವರು ವನವಾಸದಲ್ಲಿ ತಿರುಗುತ್ತ ಆ ಕಡೆಗೂ ಹೋಗಿದ್ದರು ಅಂದಿದ್ದರೆ ಆ ಮಗು ಒಂದಕ್ಷರ ಬಿಡದೆ ನಂಬುತ್ತಿತ್ತು, ನಾಳೆ ಸಭೆಯ ನಡುವೆ ಎದ್ದು ಒಂದಕ್ಷರ ಬಿಡದೆ ಹೇಳುತ್ತಿತ್ತು. ಬಲಗೈ ಅಭ್ಯಾಸದಂತೆ ಮೇಲೆದ್ದೂ ಆಗಿತ್ತು. ಅಲ್ಲಿಯೇ ಅವರಿಗೆ ಹೊಳೆದಿರಬೇಕು: ಈವರೆಗೆ ತನ್ನ ತಪ್ಪು ಬಸ್ಸಿನಲ್ಲಿ ತಾನೇ ಕೂತಿದ್ದೆ, ತಪ್ಪು ಗುಳಿಗೆ ತಾನೇ ನುಂಗಿದ್ದೆ, ಊರು ನಕ್ಕರೆ ಅದು ಕೋಟಿನ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು. ನಾಳೆಯ ನಗು ಬೀಳುವುದು ಎರಡು ಜಡೆಯ ಆ ತಲೆಯ ಮೇಲೆ. ಆಕೆಗೆ ಕೋಟಿಲ್ಲ.

ಕೈ ಕೆಳಗಿಳಿಯಿತು.

‘ಇಲ್ಲವ್ವಾ’ ಅಂದರು. ‘ನಂಗ ತಿಳಿಲಿಲ್ಲ. ಮ್ಯಾಡಮ್ ಹೇಳಿದ್ದು ಅರ್ಧಾನೂ ಕೇಳಿಸ್ಕೊಂಡಿಲ್ಲ. ನೀ ಹೇಳು.’

ಸ್ವಪ್ನಾಲಿ ಅವರ ಮುಖವನ್ನೇ ನೋಡುತ್ತ ನಿಂತಳು. ಆ ಹೊತ್ತಿನಲ್ಲಿ ಮನ್ಮಥಪ್ಪನವರು ಇಷ್ಟಿಷ್ಟೇ ಸಣ್ಣಾಗುತ್ತ ಬಂದು ಕೋಟೊಂದೇ ಬೇವಿನ ಕಟ್ಟೆಯ ಮೇಲೆ ಕೂತಂತೆ ಕಾಣುತ್ತಿತ್ತಂತೆ. ಆಮೇಲೆ ಆಕೆ ಸರಕ್ಕನೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು.

‘ಕೇಳ್ದಿ, ಮನಿಷಾ? ನಮ್ಮ ಮುತ್ಯಾ ಗೊತ್ತಿಲ್ಲ ಅಂದ. ನಿಮ್ಮ ಮುತ್ಯಾಗ ಬರತದೇನ ಹಂಗ ಅನ್ಲಾಕ?’

ಮನಿಷಾ ಪ್ರಾಮಾಣಿಕ ಹುಡುಗಿ. ತನ್ನ ಮುತ್ಯಾನ ಬಗ್ಗೆ ಕಣ್ಣು ಮುಚ್ಚಿ ಯೋಚಿಸಿದಳು. ಸಾಧ್ಯವೇ ಇಲ್ಲ ಎಂಬುದು ಖಚಿತವಾಯಿತು. ಬಂದು ಮನ್ಮಥಪ್ಪನವರ ಪಕ್ಕದಲ್ಲಿ ಕೂತುಬಿಟ್ಟಳು.

ಆಮೇಲಿನದು ಗೊಂದಲದ ಜಾತ್ರೆ. ದೊಡ್ಡ ಮನುಷ್ಯನೊಬ್ಬನಿಗೆ ಪಾಠ ಹೇಳುವ ಅವಕಾಶ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದ್ದರಿಂದ ಮಕ್ಕಳೆಲ್ಲ ಒಮ್ಮೆಗೇ ಹೇಳತೊಡಗಿದವು. ಒಬ್ಬಳ ಪ್ರಕಾರ ಕೆಂಪು ಟೊಪ್ಪಿಗೆಯ ಗಡ್ಡದ ಅಜ್ಜ ಆ ಕೂಸಿನ ಮುತ್ಯಾ. ಇನ್ನೊಬ್ಬನ ಪ್ರಕಾರ ಅವನು ಚಾಕಲೇಟಿನ ಏಜೆಂಟ, ಮನೆಯವನಲ್ಲ. ಮೂರು ರಾಜರು ಒಂಟೆಯ ಮೇಲೆ ಬಂದರು, ಪ್ರಾಯಶಃ ಸೋಲಾಪುರದ ಕಡೆಯಿಂದ. ಮನ್ಮಥಪ್ಪನವರು ಕೈ ಅಡ್ಡ ಹಿಡಿಯದೆ ಕೇಳಿದರು. ಕೇಳುವುದೆಂದರೆ ಇಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ; ಕೇಳಿದಷ್ಟೂ ತಿಳಿದಿದ್ದೂ ಕಲಸಿಹೋಗುತ್ತಿತ್ತು. ಆದರೆ ಒಮ್ಮೆ ಒಡೆದ ಕಟ್ಟೆ ನಿಲ್ಲುತ್ತದೆಯೇ? ಎಪ್ಪತ್ತು ವರ್ಷದಿಂದ ಒಳಗೇ ಕೂತಿದ್ದ ಪ್ರಶ್ನೆಗಳು ಸಾಲುಗಟ್ಟಿ ಹೊರಟವು.

‘ಬಾಣಂತಿನ್ನ ದನದ ಕೊಟ್ಟಿಗ್ಯಾಗ ಯಾಕ ಮಲಗಿಸಿದ್ರು? ಊರಾಗ ಒಬ್ಬರೂ ಮನಿ ಕೊಡ್ಲಿಲ್ಲೇನು?’

‘ಕೊಡ್ಲಿಲ್ರಿ ಮುತ್ಯಾ.’

‘ಎಂಥಾ ಊರಲೇ ಅದು! ಥಂಡಿ ದಿನಾ, ಕಿವಿಗಿ ಗಾಳಿ ಹೊಕ್ಕಿರ್ತದ. ಆಕಿ ತಲಿಗಿ ಬಟ್ಟಿ ಕಟ್ರಿ ಮೊದಲ. ಅಗ್ಗಿಷ್ಟಿಗಿ ಎಲ್ಲದ? ಸೂಲಗಿತ್ತಿ ಯಾರು?’

ಸೂಲಗಿತ್ತಿ ಯಾರೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಎಲ್ಲರೂ ಮ್ಯಾಡಮ್ ಕಡೆ ನೋಡಿದರು. ಮ್ಯಾಡಮ್ ಫೋನಿನ ಕಡೆ ನೋಡಿದರು. ‘ನಂಗೂ ಗೊತ್ತಿಲ್ರಿ ಕಾಕಾ’ ಅಂದು, ಬೆಳಗಿನಿಂದ ಮೊದಲ ಸಲ ನಕ್ಕು, ಸೆರಗು ಸಿಕ್ಕಿಸಿ ತಾವೂ ಕಣಿಕೆ ಸೀಳಲು ಕೂತರು.

ಬೆಂಡಿನ ಕೂಸು ಬಂತು, ಬೆಂಡಿನ ತಾಯಿ ಬಂದಳು, ಆಕೆಯ ತಲೆಗೆ ಬಾಣಂತಿಯ ಬಟ್ಟೆ ಬಂತು, ಬೆಂಡಿನ ತಂದೆ ಮೂಲೆಯಲ್ಲಿ ಬೆಂಕಿ ಕಾಯಿಸುತ್ತ ನಿಂತ. ಹಿಂದಿನ ಗಾಳಿ ತಡೆಯಲು ಮನ್ಮಥಪ್ಪನವರು ಏನೂ ತೋಚದೆ ಕೋಟು ಬಿಚ್ಚಿ ಗುಡಿಸಲಿನ ಬೆನ್ನಿಗೆ ಹೊದಿಸಿದರು. ಕೋಟಿಲ್ಲದ ಅವರನ್ನು ಯಾರಾದರೂ ನೋಡಿದ್ದು ಅವತ್ತೇ ಮೊದಲು. ಒಳಗೆ ಸಾಮಾನ್ಯ ಗಾತ್ರದ ಮನುಷ್ಯನೇ ಇದ್ದ. ಇನ್ನು ಐದು ಕಲ್ಲುಗಳ ಮಾತು. ಮೂರನ್ನು ರಾಜರೆಂದು ಉಳಿಸಿಕೊಂಡು ಎರಡನ್ನು ತೆಗೆಯೋಣವೆಂದರು ಮ್ಯಾಡಮ್. ಅದೊಂದಕ್ಕೆ ಮನ್ಮಥಪ್ಪನವರು ಒಪ್ಪಲಿಲ್ಲ.

ಮರುದಿನ ಅಂಗಳದ ತುಂಬ ಪಾಲಕರು. ಅತಿಥಿಯಾಗಿ ಬಂದವರು ಅನುಸೂಯಾಬಾಯಿ; ಉದಗೀರದಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಆ ಇಡೀ ಅಂಗಳದಲ್ಲಿ ಈ ಹಬ್ಬವನ್ನು ತಮ್ಮ ಮನೆಯಲ್ಲಿ ಆಚರಿಸುವ ಒಬ್ಬರೇ ಒಬ್ಬರು. ಅವರು ಕನ್ನಡಕ ಸರಿಮಾಡಿಕೊಂಡು ಗೋದಲಿಯ ಮುಂದೆ ಬಗ್ಗಿದಾಗ ವಿದ್ಯಾವತಿ ಮ್ಯಾಡಮ್ ಉಸಿರು ಹಿಡಿದರು. ಹಿಂದೆ ಅಂಗಿಯಲ್ಲಿ ಚಳಿಗೆ ನಡುಗುತ್ತ ಮನ್ಮಥಪ್ಪನವರು ನಿಂತಿದ್ದರು. ಸ್ವಪ್ನಾಲಿ ಎಲ್ಲ ಹೇಳಿದಳು: ತಾಯಿ, ಕೂಸು, ಕರಿ ಕುರಿ, ಗಾಲಿಯಾಗಬೇಕಿದ್ದ ನಕ್ಷತ್ರ.

‘ಈ ಐದು ಮಂದಿ ಯಾರವ್ವಾ?’

‘ನಿನ್ನೆ ಪಾಂಡವರಿದ್ರು, ಇವತ್ತ ರಾಜರಾಗ್ಯಾರ್ರಿ.’ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸ್ವಪ್ನಾಲಿಯ ಕಿವಿ ಕೆಂಪಾದವು, ಆದರೆ ದನಿ ಇಳಿಯಲಿಲ್ಲ. ‘ಮೂರೇ ಇರಬೇಕಂತ್ರಿ. ಆದ್ರ ಅಣ್ಣತಮ್ಮಂದ್ರು ಕೂಡಿ ಬಂದಾರ, ಇಬ್ಬರನ್ನ ಹೊರಗ ಹ್ಯಾಂಗ ನಿಂದ್ರಸೂದು ಅಂದಾನ ನಮ್ಮ ಮುತ್ಯಾ. ಖರೆ ಏನದ ಅಂತ ನಮಗ ಗೊತ್ತಿಲ್ರಿ. ನೀವೇ ಹೇಳ್ರಿ.’

ಅನುಸೂಯಾಬಾಯಿ ನೆಟ್ಟಗಾದರು. ‘ಮೂರು ಮಂದಿ ಅಂತ ಬೈಬಲ್‌ದಾಗ ಎಲ್ಲೂ ಇಲ್ಲವ್ವಾ. ಕಾಣಿಕಿ ಮೂರು ತಂದ್ರು ಅಂತದ. ಎಷ್ಟು ಮಂದಿ ತಂದ್ರು ಅಂತ ಇಲ್ಲ.’

ಹಿಂದಿನಿಂದ ಒಂದು ಬಲಗೈ ಮೇಲೆದ್ದಿತು. ಊರಿನವರೆಲ್ಲ ಮೂರಕ್ಷರಕ್ಕೆ ಕಾದರು.

‘ಹಂಗಾದ್ರ ಎಷ್ಟು ಮಂದಿ ಬಂದಿದ್ರರೀ ಬಾಯಾರ?’

‘ಯಾರಿಗೂ ಗೊತ್ತಿಲ್ಲ ಅಣ್ಣಾ.’

ಯಾರಿಗೂ ಗೊತ್ತಿಲ್ಲ! ಮನ್ಮಥಪ್ಪನವರ ಮುಖದ ಮೇಲೆ ಆಗ ಮೂಡಿದ ನೆಮ್ಮದಿಯನ್ನು ನಾನು ಹೊಟ್ಟೆತುಂಬ ಉಂಡವರ ಮುಖದಲ್ಲೂ ಕಂಡಿಲ್ಲ. ಇಷ್ಟು ಕಾಲ ಜಗತ್ತಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲವೆಂದು ಹೆದರಿ ಕೈ ಅಡ್ಡ ಹಿಡಿದಿದ್ದ ಮನುಷ್ಯ ಮುಂದೆ ಬಂದು, ನರ್ಸಮ್ಮನವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ರಾತ್ರಿಯಿಡೀ ಕಾದಿಟ್ಟಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟರು: ‘ಮತ್ತ ಸೂಲಗಿತ್ತಿ ಯಾರಿದ್ರರಿ?’ ಸಾವಿರ ಕೂಸುಗಳನ್ನು ಕೈಯಲ್ಲಿ ಹಿಡಿದಿದ್ದ ಆ ಹೆಣ್ಣುಮಗಳು ಇದನ್ನು ತಾನು ಎಂದೂ ಯೋಚಿಸಿರಲೇ ಇಲ್ಲವೆಂದು ಹಣೆಗೆ ಕೈಹಚ್ಚಿ ಕೂತರು. ಅಷ್ಟರಲ್ಲಿ ಮಕ್ಕಳಿಗೆ ಬೇಸರವಾಗಿ, ಗುಡಿಸಲು ಕಂಡ ಮೇಲೆ ಮಾಡಬೇಕಾದ್ದು ಮತ್ತೇನು ಎಂಬಂತೆ, ‘ಓಲಗೇ ಓಲಗೇ’ ಎಂದು ಕೂಗುತ್ತ ಗೋದಲಿಯ ಸುತ್ತ ಓಡತೊಡಗಿದವು. ಯಾರೂ ತಡೆಯಲಿಲ್ಲ. ಅದು ಯಾವ ಹಬ್ಬವಾಗಿತ್ತೆಂದು ಪಾಲಕರು ಇವತ್ತಿಗೂ ಚರ್ಚಿಸುತ್ತಿದ್ದಾರೆ.

ಮನ್ಮಥಪ್ಪನವರಂಥವರು ನಮ್ಮ ಗಡಿಯ ಊರುಗಳಲ್ಲಿ ಮನೆಗೊಬ್ಬರಿದ್ದಾರೆ. ಅಧಿಕಾರ ಒಂದು ಭಾಷೆಯಲ್ಲಿ ಬಂದು, ಸಂತೆ ಇನ್ನೊಂದರಲ್ಲಿ ಕೂಗಿ, ಮನೆ ಮತ್ತೊಂದರಲ್ಲಿ ಬೈಯುವ ಈ ನೆಲದಲ್ಲಿ, ಪ್ರತಿಯೊಂದನ್ನೂ ಅರ್ಥಮಾಡಿಕೊಂಡೇ ಮುಂದೆ ಹೋಗುತ್ತೇನೆಂದವನು ಅಂಗಳವನ್ನೇ ದಾಟಲಾರ. ಆದ್ದರಿಂದ ಅವರ ‘ತಿಳೀತು’ ಜಂಬವಲ್ಲ, ಅರ್ಥವಾಗದ ಲೋಕಕ್ಕೆ ಅವರು ಹೇಳುವ ಶರಣು. ಆ ಶರಣಿನ ಹಿಂದೆ ಎಷ್ಟು ಪ್ರಶ್ನೆಗಳು ಕೂತಿವೆಯೋ ಅವರಿಗೇ ಲೆಕ್ಕ ಸಿಗದು. ಅವರನ್ನು ನಗೆಯಾಡಿ ತಿದ್ದಲು ಹೋದ ಊರುಗಳೆಲ್ಲ ಸೋತಿವೆ. ಅವರು ಬಾಗುವುದು ಒಬ್ಬರಿಗೇ: ಅವರ ಮಾತನ್ನು ಒಂದಕ್ಷರ ಬಿಡದೆ ನಂಬಿ, ಅದನ್ನೇ ಹೇಳಲು ನಾಳೆ ನಾಲ್ಕು ಜನರ ಮುಂದೆ ಎದ್ದು ನಿಲ್ಲಲು ಸಿದ್ಧವಾದ, ಮೈಮೇಲೆ ಕೋಟಿಲ್ಲದ ಒಂದು ಜೀವಕ್ಕೆ.